ಬೀಗರ ಕಾಡು

ಭಾನುವಾರದ ಊಟಕ್ಕೆ ಕಾರ್ಮಿನೆ ಬಂದರೆಂದರೆ ಯೋಗೇಶರ ಮನೆಯಲ್ಲಿ ಬಾಗಿಲಿಗೆ ಮೊದಲು ಓಡುತ್ತಿದ್ದವಳು ಮೊಮ್ಮಗಳು ಈಶಾ. ಬೇಕರಿಯಿಂದ ತಂದ ಬ್ರೆಡ್ಡಿನ ಚೀಲವನ್ನು ಅವರ ಕೈಯಿಂದ ಕಿತ್ತುಕೊಂಡು "ನೋನ್ನೊ!" ಎಂದು ಕುತ್ತಿಗೆಗೆ ಜೋತುಬೀಳುತ್ತಿದ್ದಳು. ಇಟಲಿಯವರ ಮಾತಿನಲ್ಲಿ ನೋನ್ನೊ ಎಂದರೆ ಅಜ್ಜ. ಅದೇ ಮನೆಯಲ್ಲಿ ದಿನಾ ಜೊತೆಗಿರುವ ತಾತನಿಗೆ ಅಂಥ ಸ್ವಾಗತ ಸಿಕ್ಕಿ ಎಷ್ಟೋ ಕಾಲವಾಗಿತ್ತು. ಹದಿಮೂರು ವರ್ಷದ ಹುಡುಗಿ ದಿನಾ ಕಾಣುವ ತಾತನ ಕುತ್ತಿಗೆಗೆ ಯಾಕೆ ಬೀಳಬೇಕು ಎಂದು ಯೋಗೇಶರು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಹೇಳಿಕೊಂಡ ಮೇಲೂ ನೋಡುತ್ತಲೇ ಇರುತ್ತಿದ್ದರು.

ಕಾರ್ಮಿನೆ ಅವರ ಬೀಗರು, ಸೊಸೆ ಲೀನಾಳ ತಂದೆ. ಹುಡುಗನಾಗಿದ್ದಾಗ ಇಟಲಿಯಿಂದ ಬಂದು, ಟೊರಾಂಟೊ ಸುತ್ತಮುತ್ತ ಮನೆಗಳಿಗೆ ಕಾಂಕ್ರೀಟು ಹಾಕಿಯೇ ಮೇಲೆ ಬಂದವರು. ಹೆಂಡತಿ ತೀರಿಕೊಂಡ ಮೇಲೆ ಯೋಗೇಶರ ಮನೆಯಿದ್ದ ವುಡ್‌ಬ್ರಿಡ್ಜಿನಲ್ಲೇ, ಹತ್ತು ನಿಮಿಷದ ದೂರದಲ್ಲಿ ಒಬ್ಬರೇ ಇದ್ದರು. ಯೋಗೇಶರು ಮೈಸೂರಿನವರು, ಲಿಫ್ಟ್ ಕಂಪನಿಯೊಂದರಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಆಫೀಸಿನಲ್ಲಿ ಅವರ ಹೆಸರನ್ನು ಯಾರೂ ಮೊಟಕು ಮಾಡಿರಲಿಲ್ಲ. ಕಾರ್ಮಿನೆ ಮಾತ್ರ ಮಕ್ಕಳ ಮದುವೆಯ ದಿನದಿಂದಲೇ "ಯೋಗಿ" ಎನ್ನುತ್ತಿದ್ದರು.

ಆಗಸ್ಟಿನ ಆ ಭಾನುವಾರ ಯೋಗೇಶರ ಹೆಂಡತಿ ವಸುಧಾ ಹುರುಳಿಕಾಯಿ ಹುಳಿ ಮಾಡಿದ್ದರು.

"ವಸೂದಾ, ಇನ್ನೊಂದು ಸ್ವಲ್ಪ ಹುಲಿ," ಎಂದು ಕಾರ್ಮಿನೆ ತಟ್ಟೆ ಚಾಚಿದರು.

"ನೋನ್ನೊ, ಯು ಜಸ್ಟ್ ಆಸ್ಕ್ಡ್ ಫಾರ್ ಎ ಟೈಗರ್!" ಈಶಾ ಬಿದ್ದು ಬಿದ್ದು ನಕ್ಕಳು. ಯೋಗೇಶರ ಮಗ ಕುನಾಲ್ ನಕ್ಕ, ಲೀನಾ ನಕ್ಕಳು. ಇದೇ ಳಕಾರವನ್ನು ಈಶಾಗೆ ಕಲಿಸಲು ಯೋಗೇಶರು ಎರಡು ವರ್ಷ ಶನಿವಾರಗಳನ್ನು ಸವೆಸಿದ್ದರು. ಆಗ ಅವಳು ನಕ್ಕಿದ್ದು ಅವರಿಗೆ ನೆನಪಿಲ್ಲ.

ಕಾರ್ಮಿನೆ ಹಪ್ಪಳ ಮುರಿಯುತ್ತಾ, "ಮನೆ ಮಾರಿದೆ," ಎಂದರು. ಅವರ ಮಾತೆಲ್ಲ ಇಂಗ್ಲಿಷಿನಲ್ಲಿ, ಅದೂ ನಾಲ್ಕು ಪದಕ್ಕೊಂದು ಇಟಾಲಿಯನ್ ಬೆರೆಸಿ.

ಲೀನಾಳ ಚಮಚ ನಿಂತಿತು. "ಯಾವ ಮನೆ?"

"ನನಗಿರೋದು ಒಂದೇ ಅಲ್ವಾ?"

"ಪಪ್ಪಾ, ಅದು ಅಮ್ಮನ ಮನೆ. ನನ್ನನ್ನ ಒಂದು ಮಾತು ಕೇಳಲಿಲ್ಲ."

"ಈಗ ಹೇಳ್ತಾ ಇದೀನಲ್ಲ."

ಹೆರನ್ ರಿಡ್ಜ್ ಎಂಬ ಜಾಗದಲ್ಲಿ ಬೇರೆ ಮನೆ ಕೊಂಡಿದ್ದರಂತೆ. ಹೈವೇ ನಾನೂರರಲ್ಲಿ ಉತ್ತರಕ್ಕೆ ಎರಡು ಗಂಟೆ. ಮೂವತ್ತು ಮನೆಗಳು, ಅವುಗಳ ಹಿಂದೆ ಕಾಡು, ಜೌಗು, ಒಂದು ಹೊಳೆ. ಕಾಡು ಯಾರೊಬ್ಬರದೂ ಅಲ್ಲ, ಮೂವತ್ತು ಮನೆಯವರಿಗೂ ಸೇರಿದ್ದು. ಅರ್ಧ ಭಾಗದಲ್ಲಿ ಸೀಸನ್ನಿನಲ್ಲಿ ಬೇಟೆಯಾಡಬಹುದು. ಇನ್ನರ್ಧದಲ್ಲಿ ಯಾರೂ ಗುಂಡು ಹಾರಿಸುವಂತಿಲ್ಲ. ಅಲ್ಲಿ ಗಿಡ ನೆಡುವುದು, ದಾರಿ ಸವರುವುದು ಎಲ್ಲರ ಪಾಲಿನ ಕೆಲಸ.

"ಈಶಾಗೆ ಒಂದು ರೂಮು ಇಟ್ಟಿದೀನಿ," ಎಂದರು ಕಾರ್ಮಿನೆ. "ನವೆಂಬರಿನಲ್ಲಿ ಜಿಂಕೆ ಸೀಸನ್ನಿಗೆ ನನ್ನ ಜೊತೆ ಬರ್ತಾಳೆ."

"ಜಿಂಕೆಗಾ?" ಯೋಗೇಶರು ಕೇಳಿದರು. "ಇವಳಾ?"

"ಐ ಪಾಸ್ಡ್ ದ ಹಂಟಿಂಗ್ ಕೋರ್ಸ್, ತಾತಾ. ನೋನ್ನೊ ಪಕ್ಕದಲ್ಲೇ ಇರಬೇಕು. ಇಬ್ಬರಿಗೂ ಒಂದೇ ಗನ್. ಇಟ್ಸ್ ವೆರಿ ಸೇಫ್."

ಯೋಗೇಶರು ಮಗನ ಕಡೆ ನೋಡಿದರು. ಕುನಾಲ್ ಮಜ್ಜಿಗೆಯ ಲೋಟ ಎತ್ತಿ ಮುಖಕ್ಕೆ ಅಡ್ಡ ಹಿಡಿದ.

ಬೀಗರು ಹೋದ ಮೇಲೆ ಜಗಳ ಶುರುವಾಯಿತು. ಕುನಾಲ್ ಪಾತ್ರೆಗಳನ್ನು ಡಿಶ್‌ವಾಷರಿಗೆ ಜೋಡಿಸುತ್ತಿದ್ದ.

"ನೀನು ಒಪ್ಪಿಗೆ ಕೊಟ್ಟಿದೀಯ. ನನಗೆ ಹೇಳಲಿಲ್ಲ."

"ಹೇಳಿದ್ರೆ ನೀವು ಬೇಡ ಅಂತಿದ್ರಿ ಅಪ್ಪ."

"ಅಂತಿದ್ದೆ! ಈ ಮನೆ ಒಲೆ ಮೇಲೆ ಇವತ್ತಿನವರೆಗೂ ಒಂದು ಮೊಟ್ಟೆ ಬೆಂದಿಲ್ಲ. ಮೊಮ್ಮಗಳು ಬಂದೂಕು ಹಿಡಿಯೋದಾ?"

"ಅವಳು ನೋನ್ನೊ ಮನೇಲಿ ಎಲ್ಲಾ ತಿಂತಾಳೆ. ನಾನೂ ಹೊರಗೆ ತಿಂತೀನಿ, ನಿಮಗೆ ಗೊತ್ತು. ಈಗ್ಯಾಕೆ ಇದೆಲ್ಲ?"

"ತಿನ್ನೋದು ಬೇರೆ, ಕೊಲ್ಲೋದು ಬೇರೆ."

"ಹೌದಾ?" ಎಂದು ಕುನಾಲ್ ಡಿಶ್‌ವಾಷರಿನ ಬಾಗಿಲು ಮುಚ್ಚಿ ಮೇಲೆ ಹೋದ.

ವಸುಧಾ ಉಳಿದ ಹುಳಿಯನ್ನು ಡಬ್ಬಿಗೆ ಬಗ್ಗಿಸುತ್ತಿದ್ದರು. "ಜಿಂಕೆ ಮೇಲೆ ಇದ್ದಕ್ಕಿದ್ದ ಹಾಗೆ ಎಷ್ಟು ಕನಿಕರ ನಿಮಗೆ," ಎಂದರು.

"ಅಂದ್ರೆ?"

"ಏನಿಲ್ಲ ರೀ. ಮುಚ್ಚಳ ಕೊಡಿ."

ಶನಿವಾರಗಳು ಮೊದಲು ಯೋಗೇಶರವಾಗಿದ್ದವು. ಬೆಳಿಗ್ಗೆ ಈಶಾಳನ್ನು ಕನ್ನಡ ಕ್ಲಾಸಿಗೆ ಕರೆದೊಯ್ಯುವುದು, ಮುಗಿದ ಮೇಲೆ ಬ್ರ್ಯಾಂಪ್ಟನ್ನಿನಲ್ಲಿ ಮಸಾಲೆ ದೋಸೆ, ದೋಸೆ ಬರುವವರೆಗೆ ನಾಲ್ಕು ಲೆಕ್ಕ. ಕಳೆದ ವರ್ಷ ಅವಳು ಕ್ಲಾಸು ಬಿಟ್ಟಳು. ಈಗ ಶನಿವಾರ ಬೆಳಿಗ್ಗೆ ಕಾರ್ಮಿನೆಯ ಟ್ರಕ್ಕು ಮನೆ ಮುಂದೆ ನಿಂತು ಎರಡು ಸಲ ಹಾರ್ನ್ ಮಾಡುತ್ತಿತ್ತು. ಸಂಜೆ ಬಂದ ಮೊಮ್ಮಗಳ ಅಂಗಿಯಲ್ಲಿ ಮರದ ಹೊಗೆಯ ವಾಸನೆ. "ಏನು ಮಾಡಿದ್ರಿ ಇವತ್ತು?" ಎಂದರೆ "ನಥಿಂಗ್ ಮಚ್" ಎನ್ನುತ್ತಿದ್ದಳು. ಏನೂ ಇಲ್ಲದ್ದಕ್ಕೆ ಇಷ್ಟು ಖುಷಿ ಯಾಕೆ ಎಂದು ಯೋಗೇಶರಿಗೆ ತಿಳಿಯುತ್ತಿರಲಿಲ್ಲ.

ಅಕ್ಟೋಬರಿನ ಥ್ಯಾಂಕ್ಸ್‌ಗಿವಿಂಗ್ ರಜಕ್ಕೆ ಕಾರ್ಮಿನೆ ಎಲ್ಲರನ್ನೂ ಹೊಸ ಮನೆ ನೋಡಲು ಕರೆದರು. ಕೀಲಿ ಕೈಗೆ ಬಂದಿತ್ತು, ಸಾಮಾನು ಇನ್ನೂ ಅರ್ಧ ವುಡ್‌ಬ್ರಿಡ್ಜಿನಲ್ಲೇ ಇತ್ತು. ಬರುವುದಿಲ್ಲ ಎಂದಿದ್ದ ಯೋಗೇಶರು ಹಿಂದಿನ ದಿನ ಅಂಗಡಿಗೆ ಹೋಗಿ ಬೇಟೆಗಾರರು ಹಾಕುವ ಕಿತ್ತಳೆ ಬಣ್ಣದ ಜಾಕೀಟು ತಂದರು. ಅದು ಮೊಣಕಾಲಿನವರೆಗೆ ಬಂತು.

"ಇದು ಯಾರನ್ನ ಹೊಡೆಯೋಕೆ?" ಎಂದು ವಸುಧಾ ಕೇಳಿದರು.

"ನನ್ನನ್ನ ಯಾರೂ ಹೊಡೀದೆ ಇರಲಿ ಅಂತ."

ಕಾಡಿನ ದಾರಿಯಲ್ಲಿ ಈಶಾ ಮತ್ತು ಕಾರ್ಮಿನೆ ಮುಂದೆ, ಉಳಿದವರು ಹಿಂದೆ. ಮುಂದಿನವರಿಬ್ಬರು ಮಾತಾಡುತ್ತಿರಲಿಲ್ಲ. ಒಬ್ಬರು ನಿಂತರೆ ಇನ್ನೊಬ್ಬರು ನಿಲ್ಲುತ್ತಿದ್ದರು. ಅವಳು ಬೆರಳು ತೋರಿಸಿದರೆ ಅವರು ತಲೆಯಾಡಿಸುತ್ತಿದ್ದರು. ಯೋಗೇಶರು ಬಿರಬಿರನೆ ನಡೆದು ಪಕ್ಕಕ್ಕೆ ಹೋಗಿ, "ಏನದು? ಯಾವ ಮರ? ಇದರ ಹೆಸರು ಗೊತ್ತಾ ನಿನಗೆ?" ಎಂದರು. ಹತ್ತಿರದ ಪೊದೆಯಿಂದ ಏನೋ ಪುರ್ರನೆ ಹಾರಿಹೋಯಿತು.

"ತಾತಾ!" ಈಶಾ ಪಿಸುದನಿಯಲ್ಲಿ ರೇಗಿದಳು.

ಸಂಜೆ ಅಲ್ಲಿನವರೆಲ್ಲ ಸೇರುವ ಹಾಲಿನಲ್ಲಿ ಊಟ. ದೊಡ್ಡ ಪಾತ್ರೆಯಲ್ಲಿ ಜಿಂಕೆ ಮಾಂಸದ ಸಾರು ಕುದಿಯುತ್ತಿತ್ತು. ಪಕ್ಕದಲ್ಲಿ ಸಣ್ಣ ಪಾತ್ರೆ, ಅದಕ್ಕೆ ಬೇರೆ ಸೌಟು. "ಯೋಗಿ, ಇದು ನಿಮಗೆ, ವಸೂದಾಗೆ. ಬರೀ ಕಾಳು, ತರಕಾರಿ. ಬೆಳಿಗ್ಗೆ ನಾನೇ ಮಾಡಿದ್ದು, ಹೊಸ ಪಾತ್ರೆಯಲ್ಲಿ," ಎಂದರು ಕಾರ್ಮಿನೆ. ವಸುಧಾಗೆ ಕಣ್ಣು ತುಂಬಿ ಬಂತು. ಯೋಗೇಶರಿಗೆ ಮೈ ಉರಿಯಿತು. ಸಿಟ್ಟಾಗಲು ಈ ಮನುಷ್ಯ ಒಂದು ನೆಪವನ್ನೂ ಉಳಿಸುತ್ತಿಲ್ಲವಲ್ಲ!

ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ಮಾತಿಗೆ ಹೇಳಿದಳು: ಇನ್ನೊಂದೇ ಮನೆ ಮಾರಾಟಕ್ಕಿದೆ, ಕಾರ್ಮಿನೆಯ ಮನೆಗೆ ಅಂಟಿದ ಹಾಗೆ. ಕೊಳ್ಳುವವರು ಒಳ್ಳೆಯವರೆಂದು ಅವರ ಪರವಾಗಿ ಇಲ್ಲಿನವರೊಬ್ಬರು ಮಾತು ಕೊಡಬೇಕು, ಅಷ್ಟೇ.

 ವಾಪಸು ಬಂದ ಮರುದಿನ ಕಾಫಿ ಹೊತ್ತಿಗೆ ಯೋಗೇಶರು ಹೆಂಡತಿಗೆ ಹೇಳಿದರು.

"ಆ ಮನೆ ತಗೊಳೋಣ."

ವಸುಧಾ ಲೋಟ ಕೆಳಗಿಟ್ಟರು. "ಬೇಟೆ ಕಾಡಿನಲ್ಲಾ? ನಾವಾ?"

"ಅರ್ಧ ಕನ್ಸರ್ವೇಶನ್ ಲ್ಯಾಂಡು. ಪಕ್ಷಿ ನೋಡಬಹುದು."

"ಮದುವೆಯಾದಾಗಿನಿಂದ ನೀವು ಒಂದು ಗುಬ್ಬಿ ನೋಡಿದ್ದು ನಾನು ಕಾಣೆ. ನಿವೃತ್ತಿ ಆದ ಮೇಲೆ ಎರಡು ದಿನ ನಯಾಗರಾದಲ್ಲಿ ಇದ್ದು ಬರೋಣ ಅಂದೆ. ಮೊಣಕಾಲು ನೋವು ಅಂದ್ರಿ. ಆ ಮೊಣಕಾಲು ಈಗ ಕಾಡು ಹತ್ತತ್ತಾ?"

"ಮಾತು ಎಲ್ಲಿಂದ ಎಲ್ಲಿಗೆ ತಗೊಂಡು ಹೋಗ್ತೀಯ ನೀನು."

"ನನಗೋಸ್ಕರ ಒಂದು ದಿನ ಇಷ್ಟು ಹಟ ಹಿಡಿದಿದ್ರಾ ನೀವು? ಹೇಳಿ. ಆ ದುಡ್ಡು ಇಬ್ಬರದು. ನಾನು ಸೈನ್ ಹಾಕಲ್ಲ."

ಆ ವಾರ ಇಬ್ಬರಿಗೂ ಮಾತಿಲ್ಲ. ವಸುಧಾ ಅಡುಗೆ ಮಾಡಿ ಮೇಜಿನ ಮೇಲಿಟ್ಟು ಟಿವಿ ಮುಂದೆ ಕೂರುತ್ತಿದ್ದರು. ಯೋಗೇಶರು ಅದನ್ನು ಮುಟ್ಟದೆ ತಾವೇ ಉಪ್ಪಿಟ್ಟು ಮಾಡಲು ಹೋದರು. ರವೆ ಹುರಿಯಲಿಲ್ಲ. ಬಾಣಲೆಯಲ್ಲಿ ಅದು ಮುದ್ದೆಯಾಗಿ ತಳ ಹಿಡಿಯಿತು. ಉಜ್ಜುತ್ತಾ ನಿಂತಿದ್ದಾಗ ಕೆಲಸದಿಂದ ಬಂದ ಲೀನಾ ಬಾಣಲೆಯನ್ನು ಅವರ ಕೈಯಿಂದ ತೆಗೆದುಕೊಂಡಳು. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ನಿಮಗೆ ಹೊಟ್ಟೆಕಿಚ್ಚು. ನನಗೆ ಗೊತ್ತು, ಯಾಕಂದ್ರೆ ನನಗೂ ಇದೆ," ಎಂದಳು.

"ನಿನಗಾ? ಯಾರ ಮೇಲೆ?"

"ಈಶಾ ಮೇಲೆ. ನಮ್ಮಪ್ಪ ಪ್ರತಿ ನವೆಂಬರ್ ಬೇಟೆಗೆ ಹೋಗ್ತಿದ್ರು. ಚಿಕ್ಕವಳಿದ್ದಾಗ ಬೂಟು ಹಾಕ್ಕೊಂಡು ಟ್ರಕ್ಕಿನ ಹತ್ತಿರ ನಿಂತಿರ್ತಿದ್ದೆ. ಹುಡುಗಿಯರಿಗಲ್ಲ ಅಂತ ಒಳಗೆ ಕಳಿಸ್ತಿದ್ರು. ಈಗ ನನ್ನ ಮಗಳಿಗೆ ರೂಮು, ಬೇಟೆ, ಎಲ್ಲಾ. ಅವಳು ನಗುತ್ತಾ ಬರ್ತಾಳೆ. ನಾನು ಅವಳ ಬಟ್ಟೆ ಒಗೀತೀನಿ." ಲೀನಾ ಬಾಣಲೆ ಒರೆಸಿ ಇಟ್ಟಳು. "ಆದ್ರೆ ನಾನು ಮನೆ ಕೊಳ್ಳೋಕೆ ಹೋಗಲ್ಲ."

ಯೋಗೇಶರು "ನನ್ನದು ಅದಲ್ಲ" ಎಂದರು. ಲೀನಾ ತನ್ನ ಬ್ಯಾಗು ಎತ್ತಿಕೊಂಡು ಮೇಲೆ ಹೋದಳು.

ಕೊನೆಗೆ ವಸುಧಾಗೇ ಸಾಕಾಯಿತು. "ಆಯ್ತು. ಬೀಗರು ನಿಮ್ಮ ಪರ ಮಾತು ಕೊಟ್ಟರೆ ನಾನೂ ಸೈನ್ ಹಾಕ್ತೀನಿ. ಹೋಗಿ ಕೇಳಿ."

ಕಾರ್ಮಿನೆಯ ಹಳೇ ಮನೆ ಅರ್ಧ ಖಾಲಿಯಾಗಿತ್ತು. ಮುಂದಿನ ಕೋಣೆಯಲ್ಲಿ ಪೆಟ್ಟಿಗೆಗಳು, ಕೂರಲು ಎರಡು ಪ್ಲಾಸ್ಟಿಕ್ ಕುರ್ಚಿ. ಯೋಗೇಶರು ವಿಷಯ ಹೇಳಿದರು. ತಾವು ತುಂಬಾ ಸಹಜವಾಗಿ ಹೇಳಿದ ಹಾಗೇ ಅವರಿಗನ್ನಿಸಿತು.

ಕಾರ್ಮಿನೆ ಬಹಳ ಹೊತ್ತು ಪೆಟ್ಟಿಗೆಯೊಂದಕ್ಕೆ ಟೇಪು ಅಂಟಿಸಿದರು.

"ಇಲ್ಲ, ಯೋಗಿ."

"ಇಲ್ಲ ಅಂದ್ರೆ?"

"ಮಾತು ಕೊಡಲ್ಲ. ಅವಳು ದಿನಾ ನಿಮ್ಮ ಮನೇಲಿ ಮಲಗ್ತಾಳೆ. ದಿನಾ ನಿಮ್ಮ ಜೊತೆ ಊಟ ಮಾಡ್ತಾಳೆ. ಅವಳಿಗೆ ಜ್ವರ ಬಂದರೆ ನಿಮಗೆ ಆವತ್ತೇ ಗೊತ್ತಾಗತ್ತೆ. ನನಗೆ ಗೊತ್ತಾಗೋದು ಭಾನುವಾರ, ಜ್ವರ ಬಿಟ್ಟ ಮೇಲೆ. ನಾನು ಈ ಮನೆ ಮಾರಿದ್ದು ಜಿಂಕೆಗೋಸ್ಕರ ಅಂದ್ಕೊಂಡ್ರಾ?" ಅವರು ಟೇಪನ್ನು ಹಲ್ಲಿನಿಂದ ಹರಿದರು. "ನನ್ನದು ಅಂತ ಒಂದು ಜಾಗ ಬೇಕಾಗಿತ್ತು, ಅವಳು ಬರೋದಕ್ಕೆ. ಅಲ್ಲೂ ನೀವು ಬೇಡ."

ಯೋಗೇಶರು ಎದ್ದು ಬಂದರು. ಆ ಮನುಷ್ಯನಿಗೂ ತಮ್ಮ ಮೇಲೆ ಹೊಟ್ಟೆಕಿಚ್ಚಿದೆ ಎಂದು ತಿಳಿದಾಗ ಒಂದು ಕ್ಷಣ ಹಿತವಾಗಿತ್ತು. ಕಾರು ಹತ್ತುವಷ್ಟರಲ್ಲಿ ಹಿತ ಹೋಗಿ ಅವಮಾನ ಮಾತ್ರ ಉಳಿಯಿತು.

ಮನೆಯಲ್ಲಿ ಈಶಾ ಆಗಷ್ಟೇ ಶಾಲೆಯಿಂದ ಬಂದು ಟೋಸ್ಟು ತಿನ್ನುತ್ತಿದ್ದಳು.

"ನಿಮ್ಮ ನೋನ್ನೊಗೆ ನಾನು ಅಲ್ಲಿಗೆ ಬರೋದು ಬೇಡವಂತೆ," ಎಂದರು ಯೋಗೇಶರು.

"ವಾಟ್? ವೈ?"

"ನೀನೇ ಕೇಳು."

ಅವಳು ಟೋಸ್ಟು ಇಟ್ಟಳು. ಮುಖ ನಿಧಾನವಾಗಿ ಬದಲಾಯಿತು. "ಈಸ್ ಇಟ್... ಬಿಕಾಸ್ ಯು ಆರ್ ಬ್ರೌನ್? ಅಲ್ಲಿ ಎಲ್ಲಾ ವೈಟ್ ಅಂತಾನಾ?"

ಅಲ್ಲ ಎನ್ನಬೇಕಿತ್ತು. ಯೋಗೇಶರು ಜಾಕೀಟು ಬಿಚ್ಚಿ ಗೂಟಕ್ಕೆ ಹಾಕಿದರು, ಕೈ ತೊಳೆದುಕೊಂಡರು, ಏನೂ ಹೇಳಲಿಲ್ಲ.

ಶನಿವಾರ ಟ್ರಕ್ಕು ಬಂದು ಹಾರ್ನ್ ಮಾಡಿತು. ಈಶಾ ಕೆಳಗಿಳಿಯಲಿಲ್ಲ. ಭಾನುವಾರ ತಲೆನೋವೆಂದು ಬಾಗಿಲು ಹಾಕಿಕೊಂಡಳು. ಕಾರ್ಮಿನೆ ಬ್ರೆಡ್ಡನ್ನು ಮೇಜಿನ ಮೇಲಿಟ್ಟು, ಅರ್ಧ ಊಟ ಮಾಡಿ ಹೋದರು. ಅವರ ಫೋನು ಬಂದರೆ ಈಶಾ ಕಟ್ ಮಾಡುತ್ತಿದ್ದಳು. ಯೋಗೇಶರಿಗೆ ಬೇಕಾದದ್ದು ಸಿಕ್ಕಿತ್ತು. ಶನಿವಾರ ಮೊಮ್ಮಗಳು ಮನೆಯಲ್ಲೇ. "ದೋಸೆ ತಿನ್ನೋಣ ಬಾ, ಬ್ರ್ಯಾಂಪ್ಟನ್ನಿಗೆ," ಎಂದು ಎರಡು ವಾರ ಕರೆದರು. ಎರಡನೇ ಸಲ ಬಂದಳು. ದೋಸೆಯ ಮಧ್ಯದ ಪಲ್ಯವನ್ನು ಬೆರಳಲ್ಲಿ ಹರಡುತ್ತಾ ಕೂತಿದ್ದು, ಪೂರ್ತಿ ತಿನ್ನದೆ ಎದ್ದಳು.

ನವೆಂಬರ್ ಬಂತು. ಕಾರ್ಮಿನೆ ಒಬ್ಬರೇ ಹೆರನ್ ರಿಡ್ಜಿಗೆ ಹೋದರು. ಬೇಟೆಯ ವಾರದ ಶುಕ್ರವಾರ, ಊಟದ ಹೊತ್ತಿನಲ್ಲಿ ಲೀನಾ ಮಗಳನ್ನು ಕೇಳಿಯೇ ಬಿಟ್ಟಳು.

"ನೋನ್ನೊ ಒಬ್ಬರೇ ಇದಾರೆ. ನೀನು ಯಾಕೆ ಹೋಗಲಿಲ್ಲ? ನಿಜ ಹೇಳು."

"ಬಿಕಾಸ್ ಹಿ ಈಸ್ ರೇಸಿಸ್ಟ್," ಎಂದಳು ಈಶಾ. ಕಣ್ಣಲ್ಲಿ ನೀರಿತ್ತು. "ತಾತ ಬ್ರೌನ್ ಅಂತ ಅಲ್ಲಿಗೆ ಬರಬೇಡಿ ಅಂದ್ರಂತೆ."

ಲೀನಾಳ ಮುಖ ಬಿಳಿಚಿಕೊಂಡಿತು. "ನಮ್ಮಪ್ಪ? ನಮ್ಮಪ್ಪ ಹಾಗಂದ್ರಾ?" ಅವಳು ಫೋನಿಗೆ ಕೈ ಹಾಕಿದಳು.

ಕುನಾಲ್ ಅವಳ ಕೈ ಹಿಡಿದ. "ಒಂದು ನಿಮಿಷ. ಅಪ್ಪ, ಅವರು ಹಾಗಂದ್ರಾ?"

ಸಾರು ತಣ್ಣಗಾಗುತ್ತಿತ್ತು. ವಸುಧಾ ಬಡಿಸುವ ಸೌಟನ್ನು ಹಾಗೇ ಹಿಡಿದು ನಿಂತಿದ್ದರು.

"ಅಪ್ಪ. ಕೇಳ್ತಿರೋದು ನಿಮ್ಮನ್ನ."

"ಅನ್ನಲಿಲ್ಲ," ಎಂದರು ಯೋಗೇಶರು.

"ಮತ್ತೆ ಇವಳಿಗೆ ಯಾಕೆ ಹಾಗೆ ಹೇಳಿದ್ರಿ?"

"ನಾನು ಹೇಳಲಿಲ್ಲ. ಅವಳೇ ಕೇಳಿದಳು. ನಾನು... ಅಲ್ಲ ಅನ್ನಲಿಲ್ಲ."

"ಅವರು ಅಂದಿದ್ದಾದ್ರೂ ಏನು?" ವಸುಧಾ ಕೇಳಿದರು.

"ಈಶಾ ನಿಮ್ಮ ಜೊತೆ ದಿನಾ ಇರ್ತಾಳೆ, ನನಗೂ ಒಂದು ಜಾಗ ಬಿಡಿ ಅಂದ್ರು."

 ಈಶಾ ತಾತನನ್ನೇ ನೋಡಿದಳು. ಅವಳು ಕೂಗಾಡಿದ್ದರೆ ಯೋಗೇಶರಿಗೆ ಸುಲಭವಾಗುತ್ತಿತ್ತು. ಅವಳು ಎದ್ದು, ತನ್ನ ತಟ್ಟೆ ತೊಳೆದಿಟ್ಟು, ಮೇಲೆ ಹೋದಳು. ಅವಳ ಹಿಂದೆ ಲೀನಾ, ಲೀನಾಳ ಹಿಂದೆ ಕುನಾಲ್. ವಸುಧಾ ಗಂಡನ ಎದುರು ಕೂತು ತಮ್ಮ ಅನ್ನವನ್ನು ತಾವು ಕಲೆಸಿ ತಿಂದರು. ಮಜ್ಜಿಗೆ ಬೇಕೇ ಎಂದು ಕೂಡ ಅವರನ್ನು ಕೇಳಲಿಲ್ಲ.

ಬೆಳಿಗ್ಗೆ ಯೋಗೇಶರು ಮೊಮ್ಮಗಳ ಬಾಗಿಲು ತಟ್ಟಿದರು.

"ಬ್ಯಾಗು ಜೋಡಿಸ್ಕೋ. ನಾನೇ ಬಿಟ್ಟು ಬರ್ತೀನಿ. ಇನ್ನೂ ಎರಡು ದಿನ ಸೀಸನ್ ಇದೆ."

ಬಾಗಿಲು ಅರ್ಧ ತೆರೆಯಿತು. "ನೀವು ಅಲ್ಲೇ ಇರ್ತೀರಾ?"

"ಇಲ್ಲ."

ಹೈವೇ ನಾನೂರರಲ್ಲಿ ಗಾಳಿ ಜೋರಾಗಿತ್ತು. ಬ್ಯಾರಿ ಪಟ್ಟಣ ದಾಟುವವರೆಗೆ ಈಶಾ ಕಿಟಕಿ ಕಡೆ ತಿರುಗಿ ಕೂತಿದ್ದಳು. ಯೋಗೇಶರ ನಾಲಿಗೆಯ ತುದಿಗೆ ಪ್ರಶ್ನೆಗಳು ಬರುತ್ತಿದ್ದವು: ಗಣಿತದ ಟೆಸ್ಟು ಏನಾಯಿತು, ಚಳಿಗೆ ಸ್ವೆಟರು ಇಟ್ಟುಕೊಂಡೆಯಾ, ನನ್ನ ಮೇಲೆ ಎಷ್ಟು ಸಿಟ್ಟು. ಒಂದೊಂದನ್ನೂ ನುಂಗಿದರು.

ಬಹಳ ದೂರ ಹೋದ ಮೇಲೆ ಅವಳೇ ಬಾಯಿ ಬಿಟ್ಟಳು. "ನೋನ್ನೊ ಏನೂ ಕೇಳಲ್ಲ, ಯು ನೋ. ಕಾಡಿನಲ್ಲಿ ಎರಡು ಗಂಟೆ ಸುಮ್ನೆ ಕೂತಿರ್ತೀವಿ. ನೀವು ಯಾವಾಗ್ಲೂ ಕೇಳ್ತೀರ. ಎಲ್ಲಾನೂ ಟೆಸ್ಟ್ ಥರ ಇರತ್ತೆ."

ಯೋಗೇಶರು ತಲೆಯಾಡಿಸಿದರು. ಹೆರನ್ ರಿಡ್ಜ್ ಬರುವವರೆಗೆ ಅವರೂ ಮಾತಾಡಲಿಲ್ಲ, ಅವಳೂ ಮಾತಾಡಲಿಲ್ಲ. ಆದರೆ ಅವಳು ಕಿಟಕಿ ಬಿಟ್ಟು ಮುಂದೆ ನೋಡುತ್ತಾ ಕೂತಳು.

ಕಾರ್ಮಿನೆ ಮನೆ ಮುಂದೆ ಸೌದೆ ಜೋಡಿಸುತ್ತಿದ್ದರು. ಹಿಂದಿನ ಸಂಜೆಯೇ ಲೀನಾ ಫೋನು ಮಾಡಿ ಎಲ್ಲ ಹೇಳಿದ್ದಳು. ಈಶಾ ಕಾರಿನಿಂದ ಇಳಿದು ನಿಂತಳು, ಓಡಲಿಲ್ಲ. "ಸಾರಿ, ನೋನ್ನೊ," ಎಂದಳು. ಅವರು ಕೈಗವಸು ಬಿಚ್ಚಿ ಅವಳ ತಲೆಯನ್ನು ಎದೆಗೆ ಒತ್ತಿಕೊಂಡರು. ಯೋಗೇಶರು ಬ್ಯಾಗು ಹಿಡಿದುಕೊಂಡು ಹತ್ತಿರ ಹೋದರು.

"ಕಾರ್ಮಿನೆ, ತಪ್ಪು ನನ್ನದು."

"ಹೌದು," ಎಂದರು ಕಾರ್ಮಿನೆ. ಬ್ಯಾಗು ತೆಗೆದುಕೊಂಡರು. ಒಳಗೆ ಬನ್ನಿ ಎನ್ನಲಿಲ್ಲ, ಕಾಫಿ ಎನ್ನಲಿಲ್ಲ. "ಮಧ್ಯಾಹ್ನದ ಮೇಲೆ ಹಿಮ ಬೀಳತ್ತಂತೆ. ಬೇಗ ಹೊರಡಿ."

ಯೋಗೇಶರು ಕಾರು ತಿರುಗಿಸುವಾಗ ಈಶಾ ಬಂದು ಕಿಟಕಿ ತಟ್ಟಿದಳು.

"ನಾಳೆ ಸಂಜೆ ಯಾರು ಬರ್ತಾರೆ? ನೀವೇನಾ?"

"ನಾನೇ ಬರ್ತೀನಿ."

"ಓಕೆ," ಎಂದು ಅವಳು ಹೋದಳು. ಕನ್ನಡಿಯಲ್ಲಿ ಇಬ್ಬರೂ ಕಾಣುತ್ತಿದ್ದರು. ಅವಳು ಸೌದೆ ಎತ್ತಿ ಕೊಡುತ್ತಿದ್ದಳು, ಅವರು ಜೋಡಿಸುತ್ತಿದ್ದರು. ಅವಳು ಏನೋ ಹೇಳಿದಳು. ಅವರು ಸೊಂಟದ ಮೇಲೆ ಕೈಯಿಟ್ಟು ನಕ್ಕರು. ಯೋಗೇಶರು ತಿರುವು ಬರುವವರೆಗೂ ಕನ್ನಡಿಯಲ್ಲೇ ನೋಡುತ್ತಾ ನಿಧಾನವಾಗಿ ಕಾರು ಓಡಿಸಿದರು.

ವುಡ್‌ಬ್ರಿಡ್ಜ್ ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಮನೆಯಲ್ಲಿ ವಸುಧಾ ಒಬ್ಬರೇ ಇದ್ದರು. ಮೇಜಿನ ಮೇಲೆ ಎರಡು ತಟ್ಟೆ ಹಾಕಿತ್ತು.

"ಬಿಟ್ಟು ಬಂದ್ರಾ?"

"ಬಿಟ್ಟು ಬಂದೆ."

"ಬೀಗರು ಏನಂದ್ರು?"

"ಬೇಗ ಹೊರಡಿ ಅಂದ್ರು."

ವಸುಧಾ ಅನ್ನ ಬಡಿಸಿದರು. ಯೋಗೇಶರು ತಟ್ಟೆಯನ್ನು ನೋಡುತ್ತಾ ಕೂತರು, ಕೈ ಹಾಕಲಿಲ್ಲ.

"ಅಲ್ಲಿ ನಗ್ತಾ ಇದ್ದರು ಇಬ್ಬರೂ," ಎಂದರು ಕೊನೆಗೆ. "ಹೊಟ್ಟೆ ಉರೀತಿದೆ, ವಸು. ಈಗಲೂ ಉರೀತಿದೆ."

"ಉರೀಲಿ," ಎಂದು ವಸುಧಾ ಅವರ ತಟ್ಟೆಗೆ ಮಜ್ಜಿಗೆ ಬಗ್ಗಿಸಿದರು. "ಊಟ ಮಾಡಿ."